ಮೆಕ್ಕೆಜೋಳದ ದಿಂಡಿನಿಂದ ಬ್ಯಾಟರಿಯ ಇಂಗಾಲ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯ ಖುಷ್ಕಿ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಮೆಕ್ಕೆಜೋಳದ ಕಾಳು ಒಕ್ಕಣೆಯಾದ ಮೇಲೆ ಮಾರುಕಟ್ಟೆ ಸೇರಿದರೆ, ಕಾಳು ಬಿಡಿಸಿದ ದಿಂಡು ಉರುವಲಾಗುತ್ತದೆ, ಇಲ್ಲವೇ ಕಣದ ಅಂಚಿನಲ್ಲೇ ಉಳಿಯುತ್ತದೆ. ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಇಂಗಾಲಭರಿತ ಪದಾರ್ಥಗಳಿಂದಾದ ಈ ದಿಂಡು ಸೋಡಿಯಂ ಅಯಾನು ಬ್ಯಾಟರಿಯ ಆನೋಡಿಗೆ, ಅಂದರೆ ಚಾರ್ಜ್ ಆಗುವಾಗ ಅಯಾನುಗಳನ್ನು ತನ್ನೊಳಗೆ ಇರಿಸಿಕೊಳ್ಳುವ ವಿದ್ಯುದ್ವಾರಕ್ಕೆ, ಕಚ್ಚಾವಸ್ತುವಾಗಬಲ್ಲದು.

ಲಿಥಿಯಂ ಬ್ಯಾಟರಿಯಲ್ಲಿ ಈ ಕೆಲಸವನ್ನು ಗ್ರಾಫೈಟ್ ಮಾಡುತ್ತದೆ. ಸೋಡಿಯಂ ಮಾತ್ರ ಗ್ರಾಫೈಟಿನ ಪದರಗಳ ನಡುವೆ ಸ್ಥಿರವಾಗಿ ನೆಲೆಗೊಳ್ಳುವುದಿಲ್ಲ. ಇನ್ನೂ ದೊಡ್ಡ ಅಯಾನಾದ ಪೊಟ್ಯಾಸಿಯಂ ಅಲ್ಲಿ ಸೇರಬಲ್ಲುದರಿಂದ, ಗಾತ್ರವೊಂದೇ ಇದಕ್ಕೆ ಕಾರಣವೆನ್ನುವಂತಿಲ್ಲ. ಸೋಡಿಯಂಗೆ ಒಗ್ಗುವುದು ‘ಹಾರ್ಡ್ ಕಾರ್ಬನ್’, ಎಂದರೆ ಎಷ್ಟು ಕಾಯಿಸಿದರೂ ಸುಲಭವಾಗಿ ಗ್ರಾಫೈಟಾಗಿ ಮಾರ್ಪಡದ ಇಂಗಾಲ. ಸಸ್ಯಭಾಗವನ್ನು ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿದಾಗ ಹೈಡ್ರೋಜನ್ ಮತ್ತು ಆಮ್ಲಜನಕ ಅನಿಲರೂಪದಲ್ಲಿ ಹೊರಟುಹೋಗುತ್ತವೆ. ಉಳಿದ ಇಂಗಾಲದ ಕಿರುಹಾಳೆಗಳು ಚೆಲ್ಲಿದ ಇಸ್ಪೀಟ್ ಎಲೆಗಳಂತೆ ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ; ಹಾಳೆಗಳ ನಡುವಿನ ಅಂತರ ಮತ್ತು ಅವು ಸುತ್ತುವರಿದ ಸೂಕ್ಷ್ಮ ಪೊಳ್ಳುಗಳೇ ಸೋಡಿಯಂನ ನೆಲೆಗಳು. ಕೆನಡಾದ ಸಂಶೋಧಕರಾದ ಸ್ಟೀವನ್ಸ್ ಮತ್ತು ಡಾನ್ 2000ದಲ್ಲಿ ಗ್ಲೂಕೋಸಿನಿಂದ ಇಂಥ ಇಂಗಾಲವನ್ನು ಸಿದ್ಧಪಡಿಸಿ, ಅದರ ಒಂದೊಂದು ಗ್ರಾಮ್ ಸುಮಾರು 300 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶ ಹಿಡಿಯಬಲ್ಲದೆಂದು ತೋರಿಸಿದರು. 2016ರಲ್ಲಿ ಚೀನಾದ ಸಂಶೋಧಕರು ಮೆಕ್ಕೆಜೋಳದ ದಿಂಡಿನಿಂದಲೇ ಹೆಚ್ಚುಕಡಿಮೆ ಅಷ್ಟೇ ಸಾಮರ್ಥ್ಯ ಪಡೆದರು.

ತೊಡಕುಗಳೂ ಇವೆ. ಗಿಡ ಮಣ್ಣಿನಿಂದ ಹೀರಿದ ಪೊಟ್ಯಾಸಿಯಂ ಮತ್ತು ಸಿಲಿಕಾ ಬೂದಿಯಾಗಿ ಉಳಿದು ಬ್ಯಾಟರಿಯ ಕೆಲಸಕ್ಕೆ ಅಡ್ಡಿಯಾಗುವುದರಿಂದ ಆಮ್ಲದಲ್ಲಿ ತೊಳೆಯಬೇಕಾಗುತ್ತದೆ. ಕುಲುಮೆಯಿಂದ ಹೊರಬರುವ ಇಂಗಾಲ ಒಣದಿಂಡಿನ ತೂಕದ ಕಾಲುಭಾಗವೋ ಅದಕ್ಕೂ ಕಡಿಮೆಯೋ ಆಗಿರುತ್ತದೆ. ಮೊದಲ ಚಾರ್ಜಿನಲ್ಲೇ ಒಂದಿಷ್ಟು ಸೋಡಿಯಂ ಇಂಗಾಲದ ಮೇಲ್ಮೈಯಲ್ಲಿ ಪೊರೆಯಾಗಿ ಕಟ್ಟಿ, ಮರಳಿ ದಕ್ಕುವುದಿಲ್ಲ. ಇವೆಲ್ಲಕ್ಕೂ ಪರಿಹಾರ ಹುಡುಕಬಹುದಾದರೂ, ಹೊಲದಿಂದ ಹೊಲಕ್ಕೆ ಬದಲಾಗುವ ದಿಂಡಿನಿಂದ ಸದಾ ಒಂದೇ ಗುಣದ ಇಂಗಾಲವನ್ನು ತೆಗೆಯುವುದು ಹೆಚ್ಚು ಕಠಿಣ. ಫಿನ್ಲೆಂಡಿನ ಸ್ಟೋರಾ ಎನ್ಸೋ ಕಂಪನಿ ಮರದ ಲಿಗ್ನಿನ್‌ನಿಂದ ಬ್ಯಾಟರಿ ಇಂಗಾಲ ತಯಾರಿಸುವ ಪ್ರಾಯೋಗಿಕ ಘಟಕವನ್ನು 2021ರಲ್ಲಿ ಆರಂಭಿಸಲು ಸಾಧ್ಯವಾದದ್ದು, ತಿರುಳು ಗಿರಣಿಯಲ್ಲಿ ಲಿಗ್ನಿನ್ ಒಂದೇ ಕಡೆ, ಒಂದೇ ಬಗೆಯಲ್ಲಿ ಸಿಗುತ್ತಿದ್ದುದರಿಂದ.

ಈ ದೃಷ್ಟಿಯಿಂದ ಬಿಳಿಚೋಡಿನ ದಿಂಡಿಗಿಂತ, ಅದರಂತೆಯೇ ಸಸ್ಯತ್ಯಾಜ್ಯವಾದ ಚನ್ನಗಿರಿಯ ಅಡಿಕೆ ಸಿಪ್ಪೆಗೆ ಒಂದು ಅನುಕೂಲವಿದೆ. ಒಕ್ಕಣೆ ಯಂತ್ರ ಕಣದಿಂದ ಕಣಕ್ಕೆ ಹೋಗುವುದರಿಂದ ದಿಂಡು ಊರೆಲ್ಲ ಚದುರಿಹೋಗುತ್ತದೆ. ಅಡಿಕೆಯನ್ನಾದರೋ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರು ಹಲವು ತೋಟಗಳಿಂದ ತಂದು ಒಂದೆಡೆ ಸುಲಿಸುವುದರಿಂದ ಸಿಪ್ಪೆ ರಾಶಿಯಾಗಿ ಬೀಳುತ್ತದೆ. ಹಸಿ ಸಿಪ್ಪೆಯನ್ನು ಒಣಗಿಸುವ ಖರ್ಚು ಇದ್ದೇ ಇದೆ. ಸೋಡಿಯಂ ಬ್ಯಾಟರಿಯ ತೂಕ ಹೆಚ್ಚೆಂಬ ಕೊರತೆ ವಾಹನಗಳಿಗೆ ತೊಡಕಾದರೂ, ಗಾಳಿ ಮತ್ತು ಬಿಸಿಲಿನ ವಿದ್ಯುತ್ತನ್ನು ಕೂಡಿಡಲು ನೆಲದ ಮೇಲೆ ಸ್ಥಾಯಿಯಾಗಿ ನಿಲ್ಲಿಸುವ ಬ್ಯಾಟರಿಗಳಿಗೆ ಅಷ್ಟಾಗಿ ಬಾಧಿಸುವುದಿಲ್ಲ. ಅಂಥ ಬ್ಯಾಟರಿಗಳಿಗೆ ಇಂಗಾಲ ಒದಗಿಸಬೇಕಾದರೆ, ಮುಂದಿನ ಪ್ರಯೋಗಗಳು ಕುಲುಮೆಯ ಉಷ್ಣತೆಯಷ್ಟೇ ಕಚ್ಚಾವಸ್ತುವಿನ ಸಂಗ್ರಹದ ವ್ಯವಸ್ಥೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.