ಹೊಸ ಕಾರಿನ ಗಾಲಿಯೊಳಗಿನ ಜಂಗು

ಮುನಿರಾಬಾದ್ ಸುತ್ತಲಿನವರು ಹೊಸ ಕಾರು ಕೊಂಡರೆ ಅದು ಮೊದಲು ಹೋಗುವುದು ಮನೆಗಲ್ಲ, ಹುಲಿಗಿಗೆ. ಹುಲಿಗೆಮ್ಮನ ಮುಂದೆ ಬಾನೆಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣು ಇಟ್ಟು ತುಳಿಸಿದ ಮೇಲೆಯೇ ಗಾಡಿ ತಮ್ಮದೆನಿಸುವುದು. ಪೂಜೆಗೆ ಮೊದಲು ಗಾಡಿ ತೊಳೆಯಲೇಬೇಕು. ಮಳೆಗಾಲವಾದರೆ ಆ ಕೆಲಸ ತಾನಾಗಿಯೇ ಆಗಿರುತ್ತದೆ. ಮರುದಿನ ಬೆಳಗ್ಗೆ ಮನೆಯ ಹುಡುಗ ಅಲಾಯ್ ವೀಲಿನ ಸಂದಿಯಲ್ಲಿ ಇಣುಕುತ್ತಾನೆ. ನಿನ್ನೆ ಫಳಫಳ ಹೊಳೆಯುತ್ತಿದ್ದ ಒಳಗಿನ ಡಿಸ್ಕ್ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. "ಅಪ್ಪಾ, ಗಾಡಿಗೆ ಜಂಗ ಹಿಡದೈತಿ, ಹಳೇದು ಕೊಟ್ಟಾರ ನೋಡು!"

ಹಳೆಯದನ್ನೇನೂ ಕೊಟ್ಟಿಲ್ಲ. ಒದ್ದೆಯಾದ ಡಿಸ್ಕ್ ಕೆಂಪಾಗಲು ವರ್ಷಗಳು ಬೇಕಿಲ್ಲ, ಕೆಲವೇ ಗಂಟೆಗಳು ಸಾಕು. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಕೂಡಿದರೆ ಜಂಗು ಶುರು. ಕಾರಿನ ಉಳಿದ ಕಬ್ಬಿಣದ ಬಹುಪಾಲಿಗೆ ಬಣ್ಣವೋ ಸತುವಿನ ಲೇಪವೋ ಇರುತ್ತದೆ. ಡಿಸ್ಕಿನ ಮುಖಕ್ಕೆ ಮಾತ್ರ ಏನೂ ಹಚ್ಚುವಂತಿಲ್ಲ. ಪೆಡಲ್ ತುಳಿದಾಗ ಎರಡು ಕಡೆಯಿಂದ ಪ್ಯಾಡ್‌ಗಳು ಅಪ್ಪಿ ಹಿಡಿಯುವುದು ಅದನ್ನೇ. ಬಣ್ಣ ಬಳಿದರೂ ಮೊದಲ ದಿನವೇ ಉಜ್ಜಿ ಹೋಗುತ್ತದೆ, ಅಷ್ಟರವರೆಗೆ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ.

ಹಾಗಾದರೆ ಜಂಗು ಹಿಡಿಯದ ಸ್ಟೀಲಿನಲ್ಲೇ ಡಿಸ್ಕ್ ಮಾಡಬಾರದೇ? ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಅದೇ ಮನೆಯ ಅಂಗಳದಲ್ಲಿ ನಿಂತ ಬೈಕಿನ ಡಿಸ್ಕ್ ಅದೇ ಮಳೆಯಲ್ಲಿ ನೆನೆದೂ ಬೆಳ್ಳಗಿರುತ್ತದೆ. ಬೈಕುಗಳ ಡಿಸ್ಕ್ ಬಹುಮಟ್ಟಿಗೆ ಕ್ರೋಮಿಯಂ ಬೆರೆಸಿದ ಸ್ಟೇನ್‌ಲೆಸ್ ಸ್ಟೀಲಿನದು. ಕಾರಿನದು ಬೀಡು ಕಬ್ಬಿಣ, ಅದರಲ್ಲೂ ಗ್ರೇ ಐರನ್ ಎಂದು ಫೌಂಡ್ರಿಯವರು ಕರೆಯುವ ಬಗೆ. ಅದರಲ್ಲಿ ಶೇಕಡಾ 3ಕ್ಕೂ ಮಿಕ್ಕಿ ಇಂಗಾಲ ಇರುತ್ತದೆ. ಆ ಇಂಗಾಲದ ಬಹುಪಾಲು ತೆಳುವಾದ ಗ್ರಾಫೈಟ್ ಪದರಗಳಾಗಿ ಲೋಹದ ತುಂಬ ಹರಡಿಕೊಂಡಿರುತ್ತದೆ. ಶಾಖವನ್ನು ಬೇಗ ಒಯ್ಯುವುದೂ, ಅದುರುವಿಕೆಯನ್ನು ನುಂಗಿ ಕಿರುಚಾಟ ತಗ್ಗಿಸುವುದೂ ಆ ಪದರಗಳ ಕೆಲಸ. ಸ್ಟೇನ್‌ಲೆಸ್ ಸ್ಟೀಲ್ ಶಾಖ ಒಯ್ಯುವುದು ಬೀಡಿನ ಅರ್ಧದಷ್ಟು, ಕೆಲವು ಬಗೆಗಳಲ್ಲಿ ಅದಕ್ಕೂ ಕಡಿಮೆ.

ಶಾಖದ ಮಾತು ಸಣ್ಣದಲ್ಲ. ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರು ಹಿಟ್ನಾಳದ ಕಡೆಯಿಂದ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿದೆ, ಎದುರಿಗೆ ಎಮ್ಮೆ ಅಡ್ಡ ಬಂತು ಎನ್ನಿ. ನಿಲ್ಲುವಷ್ಟರಲ್ಲಿ ಬ್ರೇಕುಗಳು ನುಂಗುವ ಶಕ್ತಿ ಸುಮಾರು 167 ಕಿಲೋಜೂಲ್. ಅರ್ಧ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು, ಅದೂ ಮೂರು ನಾಲ್ಕು ಸೆಕೆಂಡಿನಲ್ಲಿ. ಹಗುರವಾದ ಬೈಕಿಗೆ ಇಷ್ಟು ಹೊರೆ ಇಲ್ಲ, ಅದರ ಡಿಸ್ಕ್ ಬಯಲು ಗಾಳಿಗೆ ತೆರೆದೂ ಇರುತ್ತದೆ. ಕಾರಿಗೆ ಬೀಡೇ ಸರಿ, ಅಗ್ಗವೂ ಹೌದು. ಅದು ಕೆಂಪಾಗುವುದನ್ನು ತಯಾರಕರು ಬೇಕೆಂದೇ ಒಪ್ಪಿಕೊಂಡಿದ್ದಾರೆ.

ಈ ಬೀಡು ನಮಗೆ ಪರಕೀಯವೂ ಅಲ್ಲ. ಸಂಡೂರು ಹೊಸಪೇಟೆ ಕಡೆಯ ಅದಿರು, ಪಕ್ಕದ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯ ಊದು ಕುಲುಮೆ, ಅಲ್ಲಿಯೇ ಎರಕವಾಗುವ ಟ್ರ್ಯಾಕ್ಟರ್ ಮತ್ತು ವಾಹನಗಳ ಸಿಲಿಂಡರ್ ಬ್ಲಾಕುಗಳು, ಎಲ್ಲ ಇದೇ ಗ್ರೇ ಐರನ್ ಕುಲದವು. ಅಂಗಳದಲ್ಲಿ ಬಿದ್ದ ಎರಕದ ತುಂಡು ಒಂದು ಮಳೆಗೆ ಕೆಂಪಾಗುವುದನ್ನು ಫೌಂಡ್ರಿಯಲ್ಲಿ ದುಡಿದವರು ಎಷ್ಟೋ ಸಲ ಕಂಡಿರುತ್ತಾರೆ. ಅದೇ ಜನ ತಮ್ಮ ಕಾರಿನ ಡಿಸ್ಕ್ ಕೆಂಪಾದರೆ ಮಾತ್ರ ಗಾಬರಿಯಾಗುತ್ತಾರೆ. ಕಂತು ಕಟ್ಟುವ ಗಾಡಿಯಲ್ಲವೇ!

ಪರಿಹಾರ ಹೇಳಿದರೆ ನಗು ಬರುವಷ್ಟು ಸುಲಭ: ಗಾಡಿ ಓಡಿಸಿ. ಹಿಂದೆ ವಾಹನ ಇಲ್ಲದ ಜಾಗ ನೋಡಿಕೊಂಡು, ನಿಧಾನ ವೇಗದಲ್ಲಿ ಐದಾರು ಸಲ ಮೆತ್ತಗೆ ಬ್ರೇಕ್ ಒತ್ತಿ. ಮೊದಲೆರಡು ಸಲ ಗರಗರ ಸದ್ದು ಬರುತ್ತದೆ, ಅದು ಪ್ಯಾಡ್ ಜಂಗನ್ನು ಕೆರೆಯುವ ಸದ್ದು. ಆ ಪದರ ಕೂದಲೆಳೆಗಿಂತಲೂ ತೆಳು. ಒಂದೆರಡು ಕಿಲೋಮೀಟರಿನಲ್ಲಿ ಡಿಸ್ಕ್ ಮತ್ತೆ ಬೆಳ್ಳಗಾಗುತ್ತದೆ. ಇಷ್ಟಕ್ಕೆ ಗ್ಯಾರೇಜಿಗೆ ಹೋಗಿ ದುಡ್ಡು ಕೊಡುವುದು ದಂಡ.

ಜಂಗಿಗಿಂತ ದೊಡ್ಡ ಅಪಾಯ ನಮ್ಮ ಕೈಯದೇ. ಜಂಗು ಕಂಡೊಡನೆ ಎಣ್ಣೆ ಹಚ್ಚುವುದು ರೈತಾಪಿ ಮನೆಗಳ ರೂಢಿ. ಕುಡುಗೋಲಿಗೆ, ಬಾವಿಯ ಗಡಗಡೆಗೆ ಅದು ಸರಿ. ಬ್ರೇಕ್ ಡಿಸ್ಕಿಗೆ ಎಂಜಿನ್ ಆಯಿಲ್, ಗ್ರೀಸ್, ಜಂಗು ಬಿಡಿಸುವ ಸ್ಪ್ರೇ, ಟೈರ್ ಪಾಲಿಶ್ ಯಾವುದೂ ತಾಗಕೂಡದು. ಪ್ಯಾಡ್ ಎಣ್ಣೆ ಹೀರಿದರೆ ತೊಳೆದರೂ ಬಿಡುವುದಿಲ್ಲ, ಒಂದು ಗಾಲಿ ಹಿಡಿದು ಇನ್ನೊಂದು ಜಾರಿ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಆಗ ಎರಡೂ ಕಡೆಯ ಪ್ಯಾಡ್ ಬದಲಿಸಬೇಕು. ಅಪ್ಪಿತಪ್ಪಿ ಎಣ್ಣೆ ತಾಗಿದ್ದರೆ ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ, ಬ್ರೇಕ್ ಕ್ಲೀನರಿನಿಂದ ಡಿಸ್ಕ್ ಒರೆಸಿಸಿ.

ಗಾಲಿ ಬಿಚ್ಚಿದಾಗ ಡಿಸ್ಕಿನ ನಡುವಿನ ಟೋಪಿಯಂಥ ಭಾಗವೂ ಹೊರ ಅಂಚೂ ಕೆಂಪಾಗಿಯೇ ಉಳಿದಿರುವುದು ಕಾಣುತ್ತದೆ. ಅಲ್ಲಿಗೆ ಪ್ಯಾಡ್ ತಾಗುವುದಿಲ್ಲ, ಹಾಗಾಗಿ ಜಂಗು ಹೋಗುವುದಿಲ್ಲ. ಕೆಲವು ತಯಾರಕರು ಆ ಭಾಗಕ್ಕೆ ಲೇಪ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ನೋಡಲು ಚೆನ್ನಾಗಿಲ್ಲ, ನಿಜ. ಬ್ರೇಕಿಗೆ ಅದರಿಂದ ನಷ್ಟವಿಲ್ಲ.

ಬ್ರೇಕಿನ ಉಜ್ಜುವಿಕೆ ತಲುಪದ ಎಲ್ಲ ಜಾಗವನ್ನೂ ಹೀಗೆ ಹಗುರವಾಗಿ ತೆಗೆದುಕೊಳ್ಳಲಾಗದು. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್ನು, ಪ್ಯಾಡಿನ ಹಿಂದಿನ ಉಕ್ಕಿನ ತಟ್ಟೆ, ಬ್ರೇಕ್ ಆಯಿಲ್ ಹರಿಯುವ ಲೋಹದ ಪೈಪು, ಇಲ್ಲಿ ಜಂಗು ಕಾಣದಂತೆ ಬೆಳೆಯುತ್ತದೆ. ಪಿನ್ನು ಬಿಗಿದರೆ ಒಂದು ಪ್ಯಾಡ್ ಸದಾ ಉಜ್ಜುತ್ತಲೇ ಇದ್ದು ಗಾಲಿ ಕಾದು ಸುಟ್ಟ ವಾಸನೆ ಬರುತ್ತದೆ. ಹೊರೆ ಹೊತ್ತ ಕಬ್ಬಿಣವನ್ನು ಆಗಾಗ ಮುಟ್ಟಿ ನೋಡಬೇಕೆಂಬುದನ್ನು ಮುನಿರಾಬಾದಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತಮ್ಮೂರ ಪಕ್ಕದ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಕಂಡವರು ಇವರು.

ಜಂಗಿನಿಂದ ಬ್ರೇಕು ಒಳಗೆ ಕಾಣದಂತೆ ಅಂಟಿಕೊಳ್ಳುವ ಇನ್ನೊಂದು ಜಾಗ ಹಿಂದಿನ ಗಾಲಿ. ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಡಿಸ್ಕ್ ಇಲ್ಲ, ಡ್ರಮ್ ಇದೆ. ಗಾಡಿ ತೊಳೆದು, ಒದ್ದೆಯಲ್ಲೇ ಹ್ಯಾಂಡ್ ಬ್ರೇಕ್ ಎಳೆದು, ವಾರಗಟ್ಟಲೆ ಊರಿಗೆ ಹೋದರೆ ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಡ್ರಮ್ಮಿಗೆ ಅಂಟಿ ಕೂರುತ್ತದೆ. ಬಂದು ಗಾಡಿ ತೆಗೆದಾಗ ಹಿಂದಿನಿಂದ ಕಟ್ ಎಂದು ಸದ್ದಾಗಿ ಬಿಟ್ಟುಕೊಂಡರೆ ಚಿಂತೆಯಿಲ್ಲ. ಬಿಡದಿದ್ದರೆ ಆಕ್ಸಿಲರೇಟರ್ ಒತ್ತಿ ಎಳೆದಾಡಬೇಡಿ, ಶೂ ಮೇಲಿನ ಲೈನಿಂಗ್ ಕಿತ್ತು ಬರಬಹುದು. ಮುಂದೆ ಹಿಂದೆ ಮೆಲ್ಲಗೆ ಅಲುಗಿಸಿ ನೋಡಿ, ಆಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ತೊಳೆದ ಮೇಲೆ ಊರೊಳಗೆ ಒಂದು ಸುತ್ತು ಹಾಕಿ, ಬ್ರೇಕ್ ಒತ್ತಿ ಒಣಗಿಸಿ, ಆಮೇಲೆ ನಿಲ್ಲಿಸುವುದು ಒಳ್ಳೆಯದು. ಹೆಚ್ಚು ದಿನ ನಿಲ್ಲಿಸುವುದಾದರೆ ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟಿರಿ. ಇಳಿಜಾರಿನಲ್ಲಿ ಇದನ್ನು ಮಾಡಬೇಡಿ.

ಎಲೆಕ್ಟ್ರಿಕ್ ಕಾರಿನವರಿಗೆ ಜಂಗಿನ ಕಾಟ ಇನ್ನೂ ಹೆಚ್ಚು. ಅಲ್ಲಿ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟರೇ ಮಾಡಿ ಬ್ಯಾಟರಿಗೆ ಶಕ್ತಿ ಮರಳಿಸುತ್ತದೆ, ಡಿಸ್ಕಿಗೆ ಉಜ್ಜಿಸಿಕೊಳ್ಳುವ ಯೋಗವೇ ಅಪರೂಪ. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಕಾರಿನ ಹಿಂದಿನ ಗಾಲಿಗಳಿಗೆ, ಉಜ್ಜುವ ಮುಖ ಮುಚ್ಚಿಕೊಂಡೇ ಇರುವ ಹಳೆಯ ಡ್ರಮ್ ಬ್ರೇಕನ್ನೇ ಮರಳಿ ತಂದಿತು. ಪೋರ್ಷೆ 2017ರಲ್ಲಿ ಬೀಡಿನ ಡಿಸ್ಕಿಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪ ಕೊಟ್ಟು ಹೊಳಪು ಉಳಿಸುವ ದಾರಿ ಹಿಡಿಯಿತು, ಆದರೆ ಅದು ಕೋಟಿ ರೂಪಾಯಿ ಗಾಡಿಯ ಮಾತು. ನಮ್ಮವರು ಮೋಟರ್ ಹಿಡಿತವನ್ನು ಕಡಿಮೆಗೆ ಇಟ್ಟು ವಾರಕ್ಕೊಮ್ಮೆಯಾದರೂ ಪೆಡಲ್ ಬ್ರೇಕ್ ಬಳಸಿದರೆ ಸಾಕು.

ಇನ್ನು ಮಾರುವವರ ಮಾತು. "ಇದೆಲ್ಲ ಕಾಮನ್ ಸರ್" ಎಂಬ ಉತ್ತರ ಒಂದು ರಾತ್ರಿಯ ಜಂಗಿಗೆ ನಿಜ, ತಿಂಗಳುಗಟ್ಟಲೆ ಯಾರ್ಡಿನಲ್ಲಿ ಮಳೆಗೆ ನಿಂತ ಗಾಡಿಗೆ ಪೂರ್ತಿ ನಿಜವಲ್ಲ. ಬಹಳ ಕಾಲ ನಿಂತಿದ್ದರೆ ಪ್ಯಾಡ್ ಇದ್ದ ಜಾಗದ ಅಚ್ಚು ಡಿಸ್ಕಿನ ಮೇಲೆ ಮೂಡಿ, ಕೈಗೆ ತಾಗುವ ಗುಳಿ ಬೀಳುತ್ತದೆ, ಬ್ರೇಕ್ ಒತ್ತಿದಾಗ ಪೆಡಲ್ ತಾಳಬದ್ಧವಾಗಿ ಅದುರುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿ ನೋಡಿ. 2325 ಎಂದಿದ್ದರೆ ಆ ಟೈರು 2025ರ 23ನೇ ವಾರದ್ದು, ಗಾಡಿಯ ವಯಸ್ಸಿನ ಅಂದಾಜು ಅಲ್ಲೇ ಸಿಗುತ್ತದೆ. ಡಿಸ್ಕ್ ತಣ್ಣಗಿರುವಾಗ ಮಾತ್ರ ಬೆರಳಿಂದ ಮುಟ್ಟಿ ನೋಡಿ. ನೂರಾರು ಕಿಲೋಮೀಟರ್ ಓಡಿದ ಮೇಲೂ ಅಚ್ಚು ಅಳಿಯದೆ, ಅದುರು ನಿಲ್ಲದೆ ಇದ್ದರೆ ಮೊದಲ ಉಚಿತ ಸರ್ವೀಸಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಫೋಟೊ ತೆಗೆದಿಡಿ, ಜಾಬ್ ಕಾರ್ಡಿನಲ್ಲಿ ದೂರು ಬರೆಸಿ, ಅದರ ಪ್ರತಿ ಕೈಯಲ್ಲಿ ಹಿಡಿದೇ ಹೊರಗೆ ಬನ್ನಿ.