ನಿಂತ ಗಂಟೆಗಳ ಲೆಕ್ಕ

ಕ್ರೀಡೆಯನ್ನೇ ಜೀವನೋಪಾಯವಾಗಿಸಿಕೊಂಡವರೂ ಬಿಡುವಿನ ವೇಳೆಯಲ್ಲಿ ಅಭ್ಯಾಸ ಮಾಡುವ ಹವ್ಯಾಸಿಗಳೂ ಒಂದೇ ಪ್ರಶಸ್ತಿಗಾಗಿ ಸೆಣಸುವ ಸಂದರ್ಭಗಳು ಆಧುನಿಕ ಕ್ರೀಡಾಲೋಕದಲ್ಲಿ ವಿರಳ. ನಗರಗಳ ಮ್ಯಾರಥಾನ್‌ಗಳಲ್ಲಿ ಇಬ್ಬರೂ ಒಂದೇ ರಸ್ತೆಯಲ್ಲಿ ಓಡುವರಾದರೂ, ಮೊದಲ ಕೆಲವೇ ನಿಮಿಷಗಳಲ್ಲಿ ವೃತ್ತಿಪರರು ಕಣ್ಮರೆಯಾಗುತ್ತಾರೆ. ಸಾವಿರಾರು ಕಿಲೋಮೀಟರ್ ಉದ್ದದ, ಹಲವು ಹಗಲು ಹಲವು ರಾತ್ರಿ ಎಡೆಬಿಡದೆ ಸಾಗುವ ಅತಿದೂರದ ಸೈಕಲ್ ಸ್ಪರ್ಧೆಗಳಲ್ಲಿ ಮಾತ್ರ ಈ ಅಂತರ ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ. ಅದಕ್ಕೆ ಕಾರಣವನ್ನು ಸವಾರರ ಛಲದಲ್ಲಿ ಹುಡುಕುವುದಕ್ಕಿಂತ ಭೌತಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರಗಳಲ್ಲಿ ಹುಡುಕುವುದು ಹೆಚ್ಚು ಫಲಕಾರಿ.

ಇಂಥ ಸ್ಪರ್ಧೆಗಳಲ್ಲಿ ಪ್ರಸಿದ್ಧವಾದುದು, ಬ್ರಿಟನ್ನಿನ ಸವಾರ ಮೈಕ್ ಹಾಲ್ 2013ರಲ್ಲಿ ಆರಂಭಿಸಿದ, ಯುರೋಪನ್ನು ಅಡ್ಡಲಾಗಿ ದಾಟುವ ಟ್ರಾನ್ಸ್‌ಕಾಂಟಿನೆಂಟಲ್ ರೇಸ್. ಇಲ್ಲಿ ಸವಾರನ ಹಿಂದೆ ಕಾರು ಬರುವುದಿಲ್ಲ, ಮೆಕ್ಯಾನಿಕ್ ಇರುವುದಿಲ್ಲ, ಅಡುಗೆಯವರಿರುವುದಿಲ್ಲ; ಅನ್ನ, ನೀರು, ಹಾಸಿಗೆ, ಹೊಸ ಟ್ಯೂಬು, ಎಲ್ಲವನ್ನೂ ದಾರಿಯಲ್ಲಿ ಯಾರಿಗೂ ದೊರೆಯಬಲ್ಲ ಅಂಗಡಿ, ಹೋಟೆಲುಗಳಿಂದಲೇ ಸ್ವತಃ ಹೊಂದಿಸಿಕೊಳ್ಳಬೇಕು. ನಿಯಂತ್ರಣ ಠಾಣೆಗಳನ್ನು ಬಿಟ್ಟರೆ ಬಹುಪಾಲು ದಾರಿಯನ್ನು ಆರಿಸಿಕೊಳ್ಳುವವನೂ ಸವಾರನೇ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಆರಂಭವಾದ ಗಡಿಯಾರ ಗುರಿ ಮುಟ್ಟುವವರೆಗೆ ನಿಲ್ಲುವುದಿಲ್ಲ, ಆದ್ದರಿಂದ ನಿದ್ರೆಯೂ ಊಟವೂ ಸ್ಪರ್ಧೆಯ ಅವಧಿಯೊಳಗೇ ಸೇರುತ್ತವೆ. 2019ರಲ್ಲಿ ಬಲ್ಗೇರಿಯಾದ ಬರ್ಗಾಸ್‌ನಿಂದ ಫ್ರಾನ್ಸಿನ ಬ್ರೆಸ್ಟ್‌ವರೆಗೆ ನಡೆದ ಈ ಸ್ಪರ್ಧೆಯಲ್ಲಿ ಇನ್ನೂರಕ್ಕೂ ಹೆಚ್ಚು ಸವಾರರನ್ನು ಹಿಂದಿಕ್ಕಿ ಮೊದಲು ತಲುಪಿದವರು ಜರ್ಮನಿಯ ಕ್ಯಾನ್ಸರ್ ಸಂಶೋಧಕಿ ಫಿಯೋನಾ ಕೋಲ್ಬಿಂಗರ್. ಸುಮಾರು 4,000 ಕಿಲೋಮೀಟರ್‌ಗೆ ಅವರು ತೆಗೆದುಕೊಂಡ ಕಾಲ 10 ದಿನ 2 ಗಂಟೆ 48 ನಿಮಿಷ. ಅದಕ್ಕೆ ಮೊದಲು ಅವರು ಇಂಥ ಸ್ಪರ್ಧೆಯಲ್ಲಿ ಭಾಗವಹಿಸಿಯೇ ಇರಲಿಲ್ಲ.

ಈ ಅವಧಿಯನ್ನು ದೂರಕ್ಕೆ ಹಂಚಿದರೆ ಬರುವ ಸರಾಸರಿ ವೇಗ ಗಂಟೆಗೆ ಸುಮಾರು 16.5 ಕಿಲೋಮೀಟರ್, ಅಂದರೆ ಪೇಟೆಗೆ ಹೋಗಿಬರುವ ಸಾಮಾನ್ಯ ಸವಾರನ ವೇಗ. ಸೈಕಲ್ ಚಲಿಸುತ್ತಿದ್ದಾಗಿನ ವೇಗ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಸರಾಸರಿಯನ್ನು ಕೆಳಗೆಳೆಯುವುದು ನಿಂತ ಗಂಟೆಗಳು. ಉದಾಹರಣೆಗೆ, ಇಷ್ಟೇ ದೂರದ ಸ್ಪರ್ಧೆಯಲ್ಲಿ ಒಬ್ಬನ ಚಲನೆಯ ವೇಗ 25 ಕಿಲೋಮೀಟರ್, ಇನ್ನೊಬ್ಬನದು 26 ಕಿಲೋಮೀಟರ್ ಎಂದಿಟ್ಟುಕೊಂಡರೆ, ಮೊದಲನೆಯವನು 160 ಗಂಟೆ ತುಳಿಯಬೇಕಾದಲ್ಲಿ ಎರಡನೆಯವನಿಗೆ 154 ಗಂಟೆಗಿಂತ ತುಸು ಕಡಿಮೆ ಸಾಕು. ಹತ್ತು ದಿನಗಳಲ್ಲಿ ಉಳಿಯುವುದು ಆರು ಗಂಟೆ, ದಿನಕ್ಕೆ ಹೆಚ್ಚುಕಡಿಮೆ 37 ನಿಮಿಷ. ಈ ಒಂದು ಕಿಲೋಮೀಟರ್ ಗಳಿಸಲು ತೆರಬೇಕಾದ ಬೆಲೆಯಾದರೋ ದೊಡ್ಡದು: ಗಾಳಿಯನ್ನು ಸೀಳಲು ಬೇಕಾಗುವ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಶೇಕಡಾ 4ರಷ್ಟು ಹೆಚ್ಚಿದರೆ ಗಾಳಿಯ ಪಾಲಿನ ದುಡಿಮೆ ಶೇಕಡಾ 12ರಷ್ಟು ಹೆಚ್ಚುತ್ತದೆ. ಅದೇ 37 ನಿಮಿಷವನ್ನು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಬ್ರೆಡ್ಡು ಹುಡುಕುತ್ತ, ಬಾಟಲಿಗೆ ನೀರು ತುಂಬಿಸುತ್ತ, ದೀಪಕ್ಕೆ ಚಾರ್ಜ್ ಹಾಕಿ ಕುರ್ಚಿಯಲ್ಲಿ ಒರಗುತ್ತ ಕಳೆಯದೆ ಉಳಿಸಿದವನಿಗೆ ಕಾಲಿನ ಬಲ ಒಂದಿಷ್ಟೂ ಹೆಚ್ಚಿರಬೇಕಾಗಿಲ್ಲ. ವೃತ್ತಿಪರನ ಮುಖ್ಯ ಬಂಡವಾಳವಾದ ಬಲಕ್ಕೆ ಇಲ್ಲಿ ಸಿಗುವ ಪ್ರತಿಫಲ ಕಡಿಮೆ, ಹವ್ಯಾಸಿಗೂ ಎಟುಕುವ ಮಿತವ್ಯಯಕ್ಕೆ ಹೆಚ್ಚು.

ವೃತ್ತಿಪರ ರಸ್ತೆ ಸ್ಪರ್ಧೆಯ ವೇಗ ಒಬ್ಬಂಟಿ ಸವಾರನ ವೇಗವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸವಾರರು ಒತ್ತೊತ್ತಾಗಿ ಸಾಗುವ ಗುಂಪಿಗೆ ಪೆಲೊಟಾನ್ ಎಂದು ಹೆಸರು; 121 ಸವಾರರ ಅಂಥ ಗುಂಪಿನ ಮಾದರಿಯನ್ನು 2018ರಲ್ಲಿ ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಪರೀಕ್ಷಿಸಿದಾಗ, ಒಳಭಾಗದಲ್ಲಿ ಅಡಗಿರುವವರ ಮೇಲಿನ ಗಾಳಿಯ ತಡೆ ಒಬ್ಬಂಟಿ ಸವಾರ ಎದುರಿಸುವುದರ ಶೇಕಡಾ 5ರಿಂದ 10ರವರೆಗೂ ಇಳಿಯಬಲ್ಲದೆಂದು ಕಂಡುಬಂತು. ಟ್ರಾನ್ಸ್‌ಕಾಂಟಿನೆಂಟಲ್‌ನಲ್ಲಿ ಒಬ್ಬಂಟಿಯಾಗಿ ಸ್ಪರ್ಧಿಸುವವರು ಇನ್ನೊಬ್ಬರ ಬೆನ್ನಿನ ಮರೆಯಲ್ಲಿ ಸಾಗುವಂತಿಲ್ಲ. 2021ರಲ್ಲಿ ಆಸ್ಟ್ರೇಲಿಯಾದ ವೃತ್ತಿಪರ ಸವಾರ ಲಾಕ್ಲನ್ ಮಾರ್ಟನ್ ಟೂರ್ ಡಿ ಫ್ರಾನ್ಸ್‌ನ ಮಾರ್ಗವನ್ನೂ, ಉಳಿದವರು ಬಸ್ಸು ವಿಮಾನಗಳಲ್ಲಿ ದಾಟುವ ನಡುವಣ ದೂರಗಳನ್ನೂ ಸೇರಿಸಿ 5,500ಕ್ಕೂ ಹೆಚ್ಚು ಕಿಲೋಮೀಟರ್ ಏಕಾಂಗಿಯಾಗಿ ಕ್ರಮಿಸಿ, ಪೆಲೊಟಾನ್‌ಗಿಂತ ಐದು ದಿನ ಮೊದಲೇ ಪ್ಯಾರಿಸ್ ತಲುಪಿದರು. ಆ ವರ್ಷದ ಟೂರ್ ವಿಜೇತನ ಸರಾಸರಿ ವೇಗ ಗಂಟೆಗೆ ಸುಮಾರು 41 ಕಿಲೋಮೀಟರ್. ಸಾಮಾನು ಹೇರಿಕೊಂಡು ತುಳಿದ ಮಾರ್ಟನ್ನರದು 25ರ ಆಸುಪಾಸು. ಮೊದಲ ದಿನಗಳಲ್ಲೇ ಮಂಡಿ ನೋವು ಕಾಣಿಸಿಕೊಂಡಾಗ ಅವರು ಪೆಡಲಿಗೆ ಬಿಗಿದುಕೊಳ್ಳುವ ಬೂಟುಗಳನ್ನು ಬಿಟ್ಟು ಸ್ಯಾಂಡಲ್ ಹಾಕಿಕೊಂಡು ಸವಾರಿ ಮುಂದುವರಿಸಿದರು ಎಂಬುದು ಗಮನಾರ್ಹ, ಏಕೆಂದರೆ ಅಲ್ಪ ವೇಗವರ್ಧನೆಗಿಂತ ದೇಹ ಕೆಡದಂತೆ ನೋಡಿಕೊಳ್ಳುವುದೇ ಈ ಬಗೆಯ ಸವಾರಿಯ ಮೊದಲ ನಿಯಮ.

ಇಷ್ಟರಿಂದ ವೃತ್ತಿಪರನಿಗೆ ಅನುಕೂಲವೇ ಇಲ್ಲವೆಂದು ತಿಳಿಯಬಾರದು. ಸವಾರ ಸುಮಾರು ಒಂದು ಗಂಟೆ ಕಾಲ ತಡೆದುಕೊಳ್ಳಬಲ್ಲ ಗರಿಷ್ಠ ಸಾಮರ್ಥ್ಯವನ್ನು ಹೊಸ್ತಿಲ ಸಾಮರ್ಥ್ಯ ಎನ್ನಬಹುದಾದರೆ, ಅದು 400 ವ್ಯಾಟ್ ಇರುವವನಿಗೆ 180 ವ್ಯಾಟ್‌ನ ಏರು ಅರ್ಧಕ್ಕಿಂತ ಕಡಿಮೆ ಶ್ರಮ, 250 ವ್ಯಾಟ್ ಇರುವವನಿಗೆ ಮುಕ್ಕಾಲು ಪಾಲಿನಷ್ಟು. ಈ ವ್ಯತ್ಯಾಸ ಇಂಧನದ ಆಯ್ಕೆಯನ್ನೇ ಬದಲಿಸುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಶೇಖರವಾಗುವ ಶರ್ಕರ ಅರ್ಧ ಕಿಲೋಗ್ರಾಮಿನಷ್ಟಿದ್ದು, ಸುಮಾರು 2,000 ಕಿಲೋಕ್ಯಾಲೊರಿಗಳನ್ನು ಮಾತ್ರ ಕೊಡಬಲ್ಲದು. ಕೊಬ್ಬಿನ ದಾಸ್ತಾನು ಕೃಶಕಾಯನಲ್ಲೂ ಹತ್ತಾರು ಸಾವಿರ ಕಿಲೋಕ್ಯಾಲೊರಿ. ಶ್ರಮ ಹಗುರವಾಗಿದ್ದಷ್ಟೂ ದೇಹ ಕೊಬ್ಬನ್ನು ಹೆಚ್ಚಾಗಿ ಬಳಸುವುದರಿಂದ, ನುರಿತ ಸವಾರ ತನ್ನ ಶರ್ಕರವನ್ನು ಜೋಪಾನವಾಗಿ ಉಳಿಸಿಕೊಳ್ಳುತ್ತಾನೆ.

ಆದರೆ ದಿನಗಳು ಕಳೆದಂತೆ ಕಾಲಿಗಿಂತ ಹೊಟ್ಟೆ ಮಿತಿಯನ್ನು ವಿಧಿಸತೊಡಗುತ್ತದೆ. ಟೂರ್ ಡಿ ಫ್ರಾನ್ಸ್ ಸವಾರರ ಮೂರು ವಾರಗಳ ಶಕ್ತಿವ್ಯಯ, ಸುಮ್ಮನೆ ಮಲಗಿದ್ದಾಗಲೂ ದೇಹಕ್ಕೆ ಬೇಕಾಗುವ ಶಕ್ತಿಯ ನಾಲ್ಕೈದು ಪಟ್ಟು. ಹರ್ಮನ್ ಪಾಂಟ್ಸರ್ ಮೊದಲಾದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವಧಿ ತಿಂಗಳುಗಳಿಗೆ ವಿಸ್ತರಿಸಿದಂತೆ ಈ ಮಿತಿ ಎರಡೂವರೆ ಪಟ್ಟಿಗೆ ಇಳಿಯುತ್ತದೆ, ಅದಕ್ಕೆ ಮುಖ್ಯ ಕಾರಣ ಆಹಾರವನ್ನು ಜೀರ್ಣಿಸಿ ಹೀರುವ ವೇಗಕ್ಕಿರುವ ಕಟ್ಟಲೆ. ತಂಡದ ಬಾಣಸಿಗ ಬೇಯಿಸಿಕೊಟ್ಟ ಅನ್ನ ಉಂಡು ರೂಢಿಯಾದವನಿಗೆ ರಾತ್ರಿ ಎರಡು ಗಂಟೆಗೆ ತಣ್ಣಗಿನ ಪಿಜ್ಜಾ ಒಗ್ಗದಿದ್ದರೆ ಅವನ 400 ವ್ಯಾಟ್ ಯಾವ ಉಪಯೋಗಕ್ಕೂ ಬಾರದು.

ನಿದ್ರೆಯ ವಿಷಯದಲ್ಲಂತೂ ವೃತ್ತಿಪರನ ಅಭ್ಯಾಸ ತೀರಾ ವಿರುದ್ಧ ದಿಕ್ಕಿನದು, ಏಕೆಂದರೆ ರಸ್ತೆ ಸ್ಪರ್ಧೆಯ ಇಡೀ ವ್ಯವಸ್ಥೆ ಅವನಿಗೆ ರಾತ್ರಿಯ ವಿಶ್ರಾಂತಿ ಒದಗಿಸುವುದಕ್ಕಾಗಿಯೇ ದುಡಿಯುತ್ತದೆ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಹೆಚ್ಚುವ ಅಡೆನೋಸಿನ್ ಎಂಬ ರಾಸಾಯನಿಕದ ಒತ್ತಡವೂ, ದೇಹದ ಒಳಗಡಿಯಾರ ನಸುಕಿನ ಮೂರರಿಂದ ಐದರ ನಡುವೆ ತರುವ ಮಂಪರೂ ಒಟ್ಟಾದಾಗ ಕೆಲವೇ ಕ್ಷಣಗಳ ಕಿರುನಿದ್ರೆ ತಾನಾಗಿ ಕವಿಯುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿನ ಅಂಥ ನಿದ್ರೆ ಎಂದರೆ ಕಣ್ಣು ಕಾಣದೆ ಸಾಗಿದ 25 ಮೀಟರ್. ಬಲಕ್ಕೆ ಸಂಬಂಧವೇ ಇಲ್ಲದ ಅಂಗಗಳೂ ಸೋಲುತ್ತವೆ. ಅಂಗೈಯ ಬುಡದಲ್ಲಿ ಕಿರುಬೆರಳಿನ ಕಡೆಗೆ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲಿನ ಒತ್ತಡಕ್ಕೆ ದಿನಗಟ್ಟಲೆ ಸಿಕ್ಕಿಕೊಂಡು, ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗ ಜೋಮು ಹಿಡಿದು, ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗುತ್ತದೆ. 1983ರ ಅಮೆರಿಕ ದಾಟುವ ಸ್ಪರ್ಧೆಯಲ್ಲಿ ಕುತ್ತಿಗೆಯ ಸ್ನಾಯುಗಳು ಕೈಕೊಟ್ಟು ತಲೆ ಎತ್ತಿ ಹಿಡಿಯಲಾಗದೆ ಹೋದ ಮೈಕಲ್ ಶೆರ್ಮರ್ ಅವರಿಂದಾಗಿ ಆ ತೊಂದರೆಗೆ ಶೆರ್ಮರ್ ನೆಕ್ ಎಂಬ ಹೆಸರೇ ಬಂದಿದೆ.

ವೃತ್ತಿಪರರೂ ಹವ್ಯಾಸಿಗಳೂ ಹೀಗೆ ಬೆರೆಯುವುದು ಹೊಸತೇನಲ್ಲ. 1891ರಲ್ಲಿ ಆರಂಭವಾದ, ಸುಮಾರು 1,200 ಕಿಲೋಮೀಟರ್‌ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆಯಲ್ಲಿ 1931ರಿಂದ ಇಬ್ಬರನ್ನೂ ಬೇರ್ಪಡಿಸಲಾಯಿತು. ವೃತ್ತಿಪರರ ಓಟ 1951ರ ನಂತರ ನಿಂತುಹೋಗಿ ಹವ್ಯಾಸಿಗಳದ್ದು ಇಂದಿಗೂ ಉಳಿದಿದೆ. ಬೆಂಗಳೂರಿನ ಸವಾರರು ನಡೆಸುವ 200ರಿಂದ 600 ಕಿಲೋಮೀಟರ್‌ಗಳ ಬ್ರೆವೆ ಸವಾರಿಗಳು ಇದೇ ಪರಂಪರೆಯವು, ಅಲ್ಲಿ ನಿಗದಿತ ಸಮಯದೊಳಗೆ ಮುಗಿಸಿದವರೆಲ್ಲ ಸಮಾನರು, ಮೊದಲಿಗರೆಂಬ ಮಾತಿಲ್ಲ. ಅಮೆರಿಕ ದಾಟುವ ಸ್ಪರ್ಧೆಯನ್ನು ಬೆಂಗಾವಲು ತಂಡದೊಂದಿಗೆ ಆರು ಬಾರಿ ಗೆದ್ದ ಆಸ್ಟ್ರಿಯಾದ ಕ್ರಿಸ್ಟೋಫ್ ಸ್ಟ್ರಾಸರ್ 2022 ಮತ್ತು 2023ರಲ್ಲಿ ಟ್ರಾನ್ಸ್‌ಕಾಂಟಿನೆಂಟಲ್‌ನ್ನೂ ಗೆದ್ದರು. ಅತಿದೂರವೇ ಪೂರ್ಣಾವಧಿ ವೃತ್ತಿಯಾದ ಅಂಥವರನ್ನು ಯಾವ ಪಂಗಡಕ್ಕೆ ಸೇರಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ.

ನಿಜವಾದ ತಕರಾರು ಹುಟ್ಟುವುದು ಸವಾರನ ಜೊತೆಗೆ ಬರುವ ಪ್ರಾಯೋಜಕರಿಂದ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೋ ಗಡಿಯವರೆಗೆ 4,300 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಟೂರ್ ಡಿವೈಡ್ ಮಾರ್ಗವನ್ನು ಮೈಕ್ ಹಾಲ್ 2016ರಲ್ಲಿ 13 ದಿನ 22 ಗಂಟೆ 51 ನಿಮಿಷಗಳಲ್ಲಿ ಮುಗಿಸಿದ್ದರು; 2023ರಲ್ಲಿ ಮಾರ್ಟನ್ 12 ದಿನ 12 ಗಂಟೆ 21 ನಿಮಿಷಗಳಲ್ಲಿ ಮುಗಿಸಿದರೂ, ಚಿತ್ರೀಕರಣ ತಂಡ ಜೊತೆಗಿದ್ದುದರಿಂದ ಅದು ಅಧಿಕೃತ ದಾಖಲೆಯೆನಿಸಲಿಲ್ಲ. ಕ್ಯಾಮೆರಾ ಹಿಡಿದವರು ಅನ್ನ ನೀರು ಕೊಡದಿದ್ದರೂ, ನಿರ್ಜನ ಕಾಡಿನಲ್ಲಿ ಪರಿಚಿತ ಮುಖ ಕಾಣುವುದೇ ಒಂದು ನೆರವು ಎಂಬ ವಾದವನ್ನು ಮೇಲಿನ ನಿದ್ರಾವಿಜ್ಞಾನದ ಬೆಳಕಿನಲ್ಲಿ ತಳ್ಳಿಹಾಕುವುದು ಕಷ್ಟ. ಮರುವರ್ಷ ಲಿಥುವೇನಿಯಾದ ಜಸ್ಟಿನಾಸ್ ಲೆವೆಯ್ಕಾ 13 ದಿನ 2 ಗಂಟೆ 16 ನಿಮಿಷಗಳಲ್ಲಿ ಗುರಿ ಮುಟ್ಟಿದಾಗ, ಮಾರ್ಟನ್ನರಿಗಿಂತ ಅರ್ಧ ದಿನಕ್ಕೂ ಹೆಚ್ಚು ನಿಧಾನವಾಗಿದ್ದ ಆ ಸಮಯವೇ ಹಾಲ್ ಅವರ ದಾಖಲೆಯ ಸ್ಥಾನಕ್ಕೆ ಬಂತು.