ಕಾಲುವೆಯ ಮಕ್ಕಳು

ಕಾಲುವೆಯೆಂದೊಡನೆ ನಮ್ಮ ನಾಡಿನವರ ಕಣ್ಣಿಗೆ ಕಟ್ಟುವುದು ಗದ್ದೆಯ ಹಸುರು. ನಾವು ಹುಟ್ಟಿ ಬೆಳೆದದ್ದು ಮಂಡ್ಯದ ಸೀಮೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ. ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಬಂದ ದಿನ ಊರಿಗೆ ಊರೇ ಏರಿಯ ಮೇಲೆ ನಿಂತಿರುತ್ತಿದ್ದಿತು. ‘ಕುಲ್ಯಾ’ ಎಂದರೆ ಮನುಷ್ಯರು ತೋಡಿದ ಕಿರುಹೊಳೆಯೆಂದು ಅಮರಕೋಶದಿಂದ ಕಲಿತಾಗಲೂ ನಮ್ಮ ಮನಸ್ಸಿನಲ್ಲಿ ಮೂಡಿದ ಚಿತ್ರವು ಆ ನಾಲೆಯದೇ. ಪೈರಿಗೆ ನೀರುಣಿಸಲೆಂದಲ್ಲದೆ, ಕೇವಲ ದೋಣಿಗಳು ನಡೆಯಲೆಂದೇ ಸಾವಿರಾರು ಮೈಲಿಗಳ ಕಾಲುವೆಗಳನ್ನು ತೋಡಿದ ದೇಶವೊಂದುಂಟೆಂದು ಪುಸ್ತಕಗಳಲ್ಲಿ ಓದಿದ್ದೆವಾದರೂ ಅದು ಮನಸ್ಸಿಗೆ ಹತ್ತಿರಲಿಲ್ಲ.

ಹೋದ ವರುಷದ ಬೇಸಗೆಯಲ್ಲಿ ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆವು. ಒಂದು ಭಾನುವಾರ ಅವನು ನಮ್ಮನ್ನು ನಾರ್ಥಾಂಪ್ಟನ್ ಸೀಮೆಯ ಸ್ಟೋಕ್ ಬ್ರುಯರ್ನ್ ಎಂಬ ಹಳ್ಳಿಗೆ ಕರೆದೊಯ್ದನು. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವ 137 ಮೈಲಿಗಳ ಗ್ರಾಂಡ್ ಯೂನಿಯನ್ ಕಾಲುವೆಯು ಆ ಹಳ್ಳಿಯ ನಡುವೆಯೇ ಹರಿದಿದೆ. ಹರಿದಿದೆಯೆಂದುದು ತಪ್ಪು, ಆ ನೀರು ಹರಿಯುವುದೇ ಇಲ್ಲ, ಕೆರೆಯ ನೀರಿನಂತೆ ನಿಂತಿರುವುದು. ಹಾಗಾದರೆ ಏರುತಗ್ಗಿನ ನೆಲದಲ್ಲಿ ದೋಣಿ ಹೇಗೆ ಹೋದೀತೆಂದು ವಾಚಕರು ಕೇಳಬಹುದು. ಅದಕ್ಕಾಗಿಯೇ ಅವರು ನೀರಿಗೆ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಎರಡು ಕಡೆಯೂ ಮರದ ಕದಗಳುಳ್ಳ ಒಂದು ಕಲ್ಲಿನ ತೊಟ್ಟಿ. ಇದಕ್ಕೆ ಲಾಕ್ ಎಂದು ಹೆಸರು. ಕೆಳಗಣ ದೋಣಿಯು ತೊಟ್ಟಿಯನ್ನು ಹೊಕ್ಕೊಡನೆ ಹಿಂದಿನ ಕದವನ್ನು ಮುಚ್ಚಿ ಮೇಲಣ ತೂಬನ್ನು ಎತ್ತುವರು. ನೀರು ಏರುವುದು, ನೀರಿನೊಡನೆ ದೋಣಿಯೂ ಏರುವುದು; ಮಟ್ಟ ಸಮನಾದೊಡನೆ ಮುಂದಿನ ಕದವು ತೆರೆಯುವುದು. ಆ ಹಳ್ಳಿಯಲ್ಲಿ ಇಂತಹ ಏಳು ಮೆಟ್ಟಿಲುಗಳು. ಇಡೀ ದಾರಿಗೆ 166. ಹಳ್ಳಿಯಿಂದ ಮುಂದಕ್ಕೆ 1805ರಲ್ಲಿ ತೆರೆದ ಸುರಂಗವೊಂದಿದೆ. ಅದರ ಉದ್ದವು 3,076 ಗಜ. ಅದರೊಳಗೆ ಕುದುರೆ ನಡೆಯಲು ದಾರಿಯಿಲ್ಲವಾದುದರಿಂದ, ಹಿಂದಿನ ಕಾಲದಲ್ಲಿ ಆಳುಗಳು ಹಲಗೆಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲಿನಿಂದ ಒದೆಯುತ್ತ ದೋಣಿಯನ್ನು ದಾಟಿಸುತ್ತಿದ್ದರಂತೆ. ಬಿಡಿಸಿದ ಕುದುರೆಯನ್ನು ಗುಡ್ಡದ ಮೇಲಣ ಹಾದಿಯಲ್ಲಿ ಆಚೆಗೆ ನಡೆಸಿಕೊಂಡು ಹೋಗಬೇಕು.

ಈ ವ್ಯವಸ್ಥೆಗೆಲ್ಲ ಮೂಲವು ಕಲ್ಲಿದ್ದಲು. ರಸ್ತೆಯಲ್ಲಿ ಒಂದು ಟನ್ನಿನ ಹೇರಿಗೆ ಬಳಲುವ ಕುದುರೆಯು ನಿಂತ ನೀರಿನಲ್ಲಿ 25 ಟನ್ನಿನ ದೋಣಿಯನ್ನು ನಿರಾಯಾಸವಾಗಿ ಎಳೆಯಬಲ್ಲುದು. 1761ರಲ್ಲಿ ಬ್ರಿಜ್‌ವಾಟರ್ ಡ್ಯೂಕನು ವರ್ಸ್‌ಲಿಯ ತನ್ನ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ದೋಣಿಯಲ್ಲಿ ಕಳುಹಿಸತೊಡಗಿದುದೇ ಮೊದಲು, ದೇಶವೆಲ್ಲ ಕಾಲುವೆ ತೋಡುವ ಹುಚ್ಚು ಹಿಡಿಯಿತು. ಆ ಡ್ಯೂಕನ ಯಂತ್ರಶಿಲ್ಪಿಯಾದ ಜೇಮ್ಸ್ ಬ್ರಿಂಡ್ಲಿಗೆ ಓದುಬರೆಹವು ಅಷ್ಟಕ್ಕಷ್ಟೆಯಂತೆ. ಉಪಾಧ್ಯಾಯರಾದ ನಮಗೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ! ಮುಂದೆ ಹೊಗೆಬಂಡಿ ಬಂದಿತು; ದೋಣಿಯವರ ಬಾಡಿಗೆ ಇಳಿಯಿತು. ಆಳಿಗೆ ಸಂಬಳವನ್ನೂ ಮನೆಗೆ ಬಾಡಿಗೆಯನ್ನೂ ಕೊಡಲಾರದೆ ದೋಣಿಗಾರರು ಹೆಂಡಿರುಮಕ್ಕಳನ್ನು ದೋಣಿಗೇ ಕರೆತಂದರು. ಹೀಗೆ ನೀರಿನ ಮೇಲೆಯೇ ಹುಟ್ಟಿ, ನೀರಿನ ಮೇಲೆಯೇ ಬೆಳೆಯುವ ಒಂದು ಜನವಾಯಿತು.

ಲಾಕಿನ ಬಳಿ ಒಂದು ಬೆಂಚಿನ ಮೇಲೆ ಇಬ್ಬರು ವೃದ್ಧರು ಕುಳಿತಿದ್ದರು. ಒಬ್ಬರು ಅದೇ ಹಳ್ಳಿಯವರು, ಲಾಕಿನ ಕೆಲಸಕ್ಕೆ ಸ್ವಯಂಸೇವಕರಾಗಿ ನಿಂತವರು. ಇನ್ನೊಬ್ಬರು ಎಂಬತ್ತು ದಾಟಿದ ಅಜ್ಜಿ, ಮೊಮ್ಮಗಳೊಡನೆ ದೂರದಿಂದ ಬಂದವರು. ನಾವು ಲಾಕಿನ ಕದಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದುದನ್ನು ಕಂಡು ಅವರೇ ಮಾತಿಗೆ ತೊಡಗಿದರು. ಇಬ್ಬರಿಗೂ ಹೆಚ್ಚುಕಡಮೆ ಒಂದೇ ವಯಸ್ಸು. ಇಬ್ಬರ ಬಾಲ್ಯವೂ ಈ ಕಾಲುವೆಯ ದಂಡೆಯದೇ. ಆದರೆ ಒಬ್ಬರದು ದಂಡೆಯ ಮೇಲೆ, ಇನ್ನೊಬ್ಬರದು ನೀರಿನ ಮೇಲೆ.

ಅಜ್ಜಿಯು ಹುಟ್ಟಿದ್ದು ದೋಣಿಯಲ್ಲಿ. ಎಪ್ಪತ್ತು ಅಡಿ ಉದ್ದ, ಏಳಡಿ ಅಗಲದ ದೋಣಿ, ಬಹುಭಾಗವೆಲ್ಲ ಕಲ್ಲಿದ್ದಲಿಗೆ. ಹಿಂದುಗಡೆಯ ಹತ್ತಡಿಗೂ ಕಡಿಮೆ ಉದ್ದದ ಗೂಡೇ ಮನೆ. ಬಾಗಿಲ ಬಳಿ ಒಲೆ. ಅದರ ಮಗ್ಗುಲಲ್ಲಿ ಒಂದು ಕಪಾಟು. ಕಪಾಟಿನ ಬಾಗಿಲನ್ನು ಕೆಳಕ್ಕೆ ಮಡಿಸಿದರೆ ಅದೇ ಊಟದ ಮೇಜು. ಕಲ್ಲಿದ್ದಲಿನ ಪೆಟ್ಟಿಗೆಯೇ ಮೆಟ್ಟಿಲು, ಮೆಟ್ಟಿಲೇ ಪೀಠ. ರಾತ್ರಿ ಅಡ್ಡಲಾಗಿ ಹಲಗೆ ಇಳಿಸಿದರೆ ತಾಯಿತಂದೆಯರ ಮಂಚ, ಅದಕ್ಕೊಂದು ಕಸೂತಿಯ ಪರದೆ. ಗೋಡೆಯ ತುಂಬ ಹಿತ್ತಾಳೆಯ ಗುಬ್ಬಿಗಳು, ಅಂಚಿನಲ್ಲಿ ಜಾಲರಿಯುಳ್ಳ ಪಿಂಗಾಣಿಯ ತಟ್ಟೆಗಳು. ಬಾಗಿಲು, ನೀರಿನ ಕೊಡ ಯಾವುದನ್ನೂ ಬಿಡದೆ ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬಣ್ಣದಲ್ಲಿ ಬರೆದಿರುವರು. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಅಂತಹ ದೋಣಿಮನೆಯನ್ನು ನಾವು ಕಣ್ಣಾರೆ ಕಂಡೆವು. ನಮ್ಮ ದೇವರ ಕೋಣೆಯಷ್ಟೆ ಇದೆ! ಅದರಲ್ಲಿ ತಾಯಿ, ತಂದೆ, ಮೂರು ಮಕ್ಕಳು, ಒಂದು ನಾಯಿ. ಆ ತಾಯಿಯು ಅಲ್ಲಿಯೇ ಅಡಿಗೆಮಾಡಿ, ಅಲ್ಲಿಯೇ ಮಕ್ಕಳನ್ನು ಮೀಯಿಸಿ, ಹಿತ್ತಾಳೆಯನ್ನು ಬೆಳಗಿ, ನಡುನಡುವೆ ಮೇಲೆ ಬಂದು ಚುಕ್ಕಾಣಿಯನ್ನೂ ಹಿಡಿಯುತ್ತಿದ್ದಳಂತೆ. ನಮ್ಮ ಗೃಹಿಣಿಯರು ಇದನ್ನು ಸ್ವಲ್ಪ ಯೋಚಿಸಬೇಕು.

ನಡೆಯಲು ಕಲಿತ ಮಗುವಿಗೆ ಸೊಂಟಕ್ಕೆ ಪಟ್ಟಿ ಕಟ್ಟಿ ದೋಣಿಯ ಮಾಳಿಗೆಯ ಹೊಗೆಕೊಳವೆಗೆ ಬಿಗಿಯುವುದು ವಾಡಿಕೆ, ಇಲ್ಲದಿದ್ದರೆ ನೀರುಪಾಲು. ಎಂಟನೆಯ ವಯಸ್ಸಿಗೆ ಈ ಅಜ್ಜಿಯು ಮಣೆಯ ಮೇಲೆ ನಿಂತು ಚುಕ್ಕಾಣಿ ನಡೆಸುತ್ತಿದ್ದರು. ಹತ್ತಕ್ಕೆ ಸೈಕಲ್ಲು ಏರಿ ಮುಂದೆ ಹೋಗಿ ಲಾಕುಗಳನ್ನು ಸಿದ್ಧಮಾಡಿ ಇಡುತ್ತಿದ್ದರು. ಯಾವ ಸೇತುವೆಯ ಕೆಳಗೆ ಕೆಸರು ಹೆಚ್ಚು, ಯಾವ ಅಂಗಡಿಯಲ್ಲಿ ರೊಟ್ಟಿ ತಾಜಾ, ಯಾವ ಲಾಕಿನ ತೂಬು ಬಿಗಿ, ಎಲ್ಲವೂ ಬಾಯಿಗೆ ಬರುತ್ತಿದ್ದಿತು. ಅಕ್ಷರವೊಂದು ಮಾತ್ರ ಇಲ್ಲ.

ಶಾಲೆಗೆ ಹೋಗಲೇ ಇಲ್ಲವೆ ಎಂದು ಕೇಳಿದೆವು. ಹೋಗಿದ್ದರು, ಎಷ್ಟು ಶಾಲೆಗಳಿಗೆಂಬುದೇ ಅವರಿಗೆ ನೆನಪಿಲ್ಲ! ದೋಣಿಯ ಮಕ್ಕಳು ಓದಬೇಕೆಂದು ಆ ದೇಶದಲ್ಲಿ 1877ರಲ್ಲಿಯೂ 1884ರಲ್ಲಿಯೂ ಶಾಸನಗಳಾಗಿದ್ದವು. ಆದರೆ ದೋಣಿ ನಿಲ್ಲುವುದು ಸರಕು ಇಳಿಸುವ ಒಂದೆರಡು ದಿನ. ಆ ಎರಡು ದಿನ ಸಮೀಪದ ಶಾಲೆ. ಉಪಾಧ್ಯಾಯರು ಹಿಂದಿನ ಬೆಂಚಿನಲ್ಲಿ ಕೂರಿಸಿ, ಮೊದಲನೆಯ ಪಾಠಪುಸ್ತಕದ ಮೊದಲನೆಯ ಪುಟವನ್ನು ತೆರೆದುಕೊಡುವರು. ಮುಂದಿನ ವಾರ ಮತ್ತೊಂದು ಊರು, ಮತ್ತೊಂದು ಶಾಲೆ, ಅದೇ ಮೊದಲನೆಯ ಪುಟ. ಆ ಪುಟವನ್ನು ತಾವು ಕಣ್ಣುಮುಚ್ಚಿ ಒಪ್ಪಿಸುತ್ತಿದ್ದುದಾಗಿಯೂ, ಎರಡನೆಯ ಪುಟದಲ್ಲಿ ಏನಿತ್ತೆಂಬುದು ಬಹುಕಾಲ ತಿಳಿಯಲಿಲ್ಲವೆಂದೂ ಹೇಳಿ ಅವರು ನಕ್ಕರು. ನಮಗೆ ನಗು ಬರಲಿಲ್ಲ.

ದಂಡೆಯ ವೃದ್ಧರ ನೆನಪುಗಳು ಬೇರೆ ಬಗೆಯವು. 1947ರ ಘೋರವಾದ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಅಪ್ಪನ ಕೈಹಿಡಿದು ನಡೆದದ್ದು. ಜಾಮಿನ ಸೀಸೆಗೆ ದಾರ ಕಟ್ಟಿ ಬೆರಳುದ್ದದ ಮೀನುಗಳನ್ನು ಹಿಡಿದದ್ದು. ದೋಣಿಯಿಂದ ಉದುರಿದ ಕಲ್ಲಿದ್ದಲನ್ನು ಆಯ್ದು ಅಮ್ಮನಿಗೆ ಕೊಟ್ಟದ್ದು. ಶಾಲೆಯಲ್ಲಿ ದಿನವೂ ಕೊಡುತ್ತಿದ್ದ ಪುಟ್ಟ ಸೀಸೆಯ ಹಾಲು. ಯುದ್ಧ ಮುಗಿದು ಎಂಟು ವರುಷಗಳಾಗುವವರೆಗೂ ಅಲ್ಲಿ ಮಿಠಾಯಿಗೆ ಪಡಿತರವಿದ್ದಿತು. 1953ರ ಫೆಬ್ರವರಿಯಲ್ಲಿ ಅದನ್ನು ತೆಗೆದ ದಿನ ಊರಿನ ಹುಡುಗರೆಲ್ಲ ಅಂಗಡಿಗೆ ನುಗ್ಗಿದುದನ್ನು ಹೇಳುವಾಗ ಆ ಮುದುಕರ ಮುಖವು ಹನ್ನೊಂದು ವರುಷದ ಬಾಲಕನದಾಯಿತು.

ಬಳಿಕ ಅವರು ಸ್ವಲ್ಪ ತಗ್ಗಿದ ಸ್ವರದಲ್ಲಿ ಇನ್ನೊಂದು ಮಾತನ್ನು ಹೇಳಿದರು. ದೋಣಿ ಬಂದಾಗ ಊರ ಹುಡುಗರು ಸೇತುವೆಯ ಮೇಲಿಂದ ‘ಕೊಳಕು ದೋಣಿಯವರು’ ಎಂದು ಕೂಗುತ್ತಿದ್ದರಂತೆ; ತಾವೂ ಕೂಗಿದ್ದರಂತೆ. ಆದರೆ ರಾತ್ರಿ ಹಾಸಿಗೆಯಲ್ಲಿ ಮಲಗಿ, ಶಾಲೆಯ ಕಾಟವಿಲ್ಲದೆ ಲಂಡನ್ನಿಗೆ ಹೋಗುವ ಆ ಮಕ್ಕಳ ಭಾಗ್ಯವೇ ಭಾಗ್ಯವೆಂದು ಕರುಬುತ್ತಿದ್ದರಂತೆ. ಅಜ್ಜಿಯು ಅವರ ಕಡೆಗೆ ತಿರುಗಿ, ತಾವು ಸಂಜೆ ಚುಕ್ಕಾಣಿ ಹಿಡಿದು ಸಾಗುವಾಗ ಹಳ್ಳಿಯ ಮನೆಗಳ ಕಿಟಕಿಯ ದೀಪಗಳನ್ನು ನೋಡಿ, ನಾಳೆಯೂ ಅದೇ ಸ್ಥಳದಲ್ಲಿರುವ ಮನೆಯೊಂದು ತಮಗಿದ್ದಿದ್ದರೆ ಎಂದುಕೊಳ್ಳುತ್ತಿದ್ದುದಾಗಿ ಹೇಳಿದರು. ಎಪ್ಪತ್ತು ವರುಷಗಳ ಮೇಲೆ ಒಂದೇ ಬೆಂಚಿನಲ್ಲಿ ಕುಳಿತು ಅವರು ಇದನ್ನು ಒಬ್ಬರಿಗೊಬ್ಬರು ತಿಳಿಸುತ್ತಿರುವಾಗ ನಾವು ನಡುವೆ ಮಾತನಾಡಲಿಲ್ಲ.

ಆ ಹಳ್ಳಿಯಲ್ಲಿ ಎಲ್ಲರೂ ದೋಣಿಯವರನ್ನು ದೂರವಿಟ್ಟವರಲ್ಲ. ಸಿಸ್ಟರ್ ಮೇರಿ ವಾರ್ಡ್ ಎಂಬ ದಾದಿಯು ಕಾಲುವೆಯ ಪಕ್ಕದ ಮನೆಯಲ್ಲಿಯೇ ದೋಣಿಯ ಜನರಿಗೆ 1962ರವರೆಗೆ ಶುಶ್ರೂಷೆ ಮಾಡಿದಳು. 1951ರಲ್ಲಿ ಸರ್ಕಾರವು ಆಕೆಗೆ ಪದಕವನ್ನಿತ್ತು ಗೌರವಿಸಿತು. ಅಜ್ಜಿಯ ತಮ್ಮನ ಸುಟ್ಟ ಕೈಗೆ ಮದ್ದು ಹಾಕಿದವಳೂ ಆಕೆಯೇ ಅಂತೆ.

ಆ ತಮ್ಮನ ವಿಷಯವನ್ನು ಹೇಳಬೇಕು. 1950ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಎರ್ಡಿಂಗ್ಟನ್ ಎಂಬಲ್ಲಿ ದೋಣಿಯ ಮಕ್ಕಳಿಗೆಂದೇ ಒಂದು ವಸತಿಗೃಹವಾಯಿತು. ಮಕ್ಕಳು ಅಲ್ಲಿದ್ದು ಶಾಲೆಗೆ ಹೋಗುವುದು, ದೋಣಿ ಆ ಕಡೆಗೆ ಬಂದಾಗ ತಾಯಿತಂದೆಯರನ್ನು ಕೂಡುವುದು. ಅಕ್ಕನಿಗೆ ಹನ್ನೆರಡು ತುಂಬಿತ್ತು. ಆಕೆಯಿಲ್ಲದೆ ದೋಣಿ ನಡೆಯದು. ಎಂಟರ ತಮ್ಮನನ್ನು ಕಳುಹಿಸಿದರು. ಒಂದು ವರುಷದಲ್ಲಿ ಅವನು ಕಾಗದ ಬರೆಯತೊಡಗಿದನು. ಓದುವವರು ಯಾರು? ಆ ಕಾಗದವನ್ನು ಹುಡುಗಿಯು ಲಾಕಿನಿಂದ ಲಾಕಿಗೆ ಒಯ್ದು, ನಂಬಿಕೆಯ ಕಾವಲುಗಾರನೊಬ್ಬನು ಸಿಕ್ಕುವವರೆಗೆ ಎದೆಗವಚಿಕೊಂಡು, ಅವನಿಂದ ಓದಿಸಿ, ಮಾತುಮಾತನ್ನೂ ನೆನಪಿನಲ್ಲಿಟ್ಟು ಬಂದು ತಾಯಿಗೆ ಒಪ್ಪಿಸುತ್ತಿದ್ದಳು. ತಮ್ಮನು ಚೆನ್ನಾಗಿ ಓದಿದನು. ಓದಿದವನು ದೋಣಿಗೆ ಮರಳಲಿಲ್ಲ. ಅವನನ್ನು ಶಾಲೆಯು ತಮ್ಮಿಂದ ಕಿತ್ತುಕೊಂಡಿತೋ, ಕಾಪಾಡಿತೋ ಎಂಬುದನ್ನು ತಾಯಿಯು ಸಾಯುವವರೆಗೂ ನಿರ್ಧರಿಸಲಾರದೆ ಹೋದಳಂತೆ.

ದೋಣಿಯೂ ಹೆಚ್ಚು ಕಾಲ ಉಳಿಯಲಿಲ್ಲ. ಕಾಲುವೆಗಳು 1948ರ ಜನವರಿ 1ರಂದೇ ರಾಷ್ಟ್ರದ ಸ್ವತ್ತಾಗಿದ್ದವು. ಆದರೆ ಲಾರಿಗಳ ಮುಂದೆ ಅವುಗಳ ಆಟ ಸಾಗಲಿಲ್ಲ. 1962ರ ಡಿಸೆಂಬರಿನ ಕಡೆಯಲ್ಲಿ ಹೆಪ್ಪುಗಟ್ಟಿದ ನೀರು ಕರಗಿದ್ದು ಮಾರ್ಚಿಯಲ್ಲಿ. ಅಷ್ಟು ದಿನ ದೋಣಿಗಳು ಇದ್ದಲ್ಲಿಯೇ ಸಿಕ್ಕಿಕೊಂಡವು, ಸರಕು ಲಾರಿಗೆ ಹೋಯಿತು. ಅದೇ 1963ರಲ್ಲಿ ಸರ್ಕಾರದ ಜಲಮಾರ್ಗ ಮಂಡಲಿಯು ತನ್ನ ದೋಣಿಸಾಗಣೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿತು. ಆಥರ್‌ಸ್ಟನ್ನಿನ ಕಡೆಯಿಂದ ಸೌತ್‌ಹಾಲಿನ ಜಾಮಿನ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುತ್ತಿದ್ದ ಕೆಲವು ದೋಣಿಗಳು ಮಾತ್ರ 1970ರವರೆಗೆ ನಡೆದವು. ಈಗ ಅಲ್ಲಿ ತೇಲುವುವೆಲ್ಲ ವಿಹಾರದ ದೋಣಿಗಳು, ಇಲ್ಲವೆ ನಗರದ ಮನೆಬಾಡಿಗೆಗೆ ಹೆದರಿ ನೀರಿಗಿಳಿದವರ ದೋಣಿಗಳು. ಇದು ನಮಗೆ ವಿಚಿತ್ರವಾಗಿ ಕಂಡಿತು.

ಇಪ್ಪತ್ತರ ಹುಡುಗಿಯಾಗಿ ಅಜ್ಜಿಯು ನೆಲದ ಮೇಲಣ ಮನೆಗೆ ಬಂದರು. ಅಲುಗದ ಮನೆಯಲ್ಲಿ ತಿಂಗಳುಗಟ್ಟಲೆ ನಿದ್ರೆ ಬರಲಿಲ್ಲವಂತೆ. ಮದುವೆಯಾಯಿತು, ಮಕ್ಕಳಾದವು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ನಲವತ್ತರ ವಯಸ್ಸಿನಲ್ಲಿ ಸಂಜೆಯ ತರಗತಿಗೆ ಸೇರಿ ಎರಡನೆಯ ಪುಟವನ್ನು ಓದಿದರು. ಓದು ಬಂದೊಡನೆ ತೆಗೆದದ್ದು ತಮ್ಮನ ಹಳೆಯ ಕಾಗದಗಳನ್ನು. ಮೊದಲನೆಯ ಕಾಗದದಲ್ಲಿ ಊಟಕ್ಕೆ ಸಿಹಿ ಇದ್ದ ಸುದ್ದಿಯೂ, ನಾಯಿ ಹೇಗಿದೆಯೆಂಬ ಪ್ರಶ್ನೆಯೂ ಇದ್ದುವು. ಕೊನೆಯಲ್ಲಿ ಇನ್ನೊಂದು ಸಾಲು: ರಾತ್ರಿ ಇಲ್ಲಿ ನೀರಿನ ಸದ್ದಿಲ್ಲ, ನನ್ನನ್ನು ಕರೆದುಕೊಂಡು ಹೋಗಿ. ಅಂದು ಓದಿಹೇಳಿದ ಕಾವಲುಗಾರನು ಆ ಸಾಲನ್ನು ಬಿಟ್ಟುಬಿಟ್ಟಿದ್ದನು.

ಮಾತು ನಿಂತಿತು. ಆಮೇಲೆ ಅಜ್ಜಿಯು, ನೀವು ಉಪಾಧ್ಯಾಯರೆಂದು ನಿಮ್ಮ ಮಗ ಹೇಳಿದ, ನಿಮ್ಮ ದೇಶದಲ್ಲಿ ಊರಿಂದೂರಿಗೆ ಹೋಗುವವರ ಮಕ್ಕಳನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಶಾಲೆಗೆ ಬಂದಿದ್ದ ಹುಡುಗನೊಬ್ಬನು ನೆನಪಿಗೆ ಬಂದನು. ನಾಲೆಯ ಬದಿಯ ಗುಡಿಸಲಿನಿಂದ ಬರುತ್ತಿದ್ದನು. ಹದಿನೈದು ದಿನ ಬಂದು, ಒಂದು ತಿಂಗಳು ಕಾಣದಾಗಿ, ಮತ್ತೆ ಬಾಗಿಲಲ್ಲಿ ಬಂದು ನಿಂತಾಗ, ಹೆಸರು ಹೊಡೆದುಹೋಗಿದೆಯೆಂದು ಹಿಂದಕ್ಕೆ ಕಳುಹಿಸಿದೆವು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಮಸಿಯ ಗೆರೆಯನ್ನು ಎಳೆದವರು ನಾವೇ. ಅಜ್ಜಿಗೆ ಇದನ್ನು ಹೇಳಿದೆವು. ಅವರು ಏನೂ ಅನ್ನಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಒಂದು ದೋಣಿಯು ಬಂದು ತೊಟ್ಟಿಯನ್ನು ಹೊಕ್ಕಿತು. ವೃದ್ಧರು ಬಾಗಿದ ಕಬ್ಬಿಣದ ಹಿಡಿಯನ್ನು ತೆಗೆದುಕೊಂಡು ತೂಬಿನ ಕಡೆಗೆ ನಡೆದರು. ನೀರು ಬುಗುಬುಗನೆ ಏರತೊಡಗಿತು. ಮೊಮ್ಮಗಳು ಬೇಡಬೇಡವೆನ್ನುತ್ತಿದ್ದರೂ ಕೇಳದೆ ಅಜ್ಜಿಯು ಎದ್ದು ಹೋಗಿ, ಕದದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು, ಮಟ್ಟ ಸಮನಾಗುವುದನ್ನೇ ನೋಡುತ್ತ ನಿಂತರು.